ಎರಡೂ ಬದಿ ಬಿಳಿ

ಕಾಗದ ಹರಿಯುವ ಸದ್ದು ಕೇಳಿದರೆ ದಬ್ಬಣಣ್ಣನಿಗೆ ಯಾರೋ ತನ್ನ ಕಿವಿಯನ್ನೇ ಹಿಂಡಿದಂತಾಗುತ್ತಿತ್ತು. ಇದು ಅಪ್ಪನಿಂದ ಬಂದ ಚಾಳಿ. ಅಪ್ಪ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದವನು. ಒಂದು ಹಾಳೆ ಪೋಲಾದರೆ ಮೂರು ದಿನ ಅದನ್ನೇ ಹೇಳಿ ಮನೆಯವರ ತಲೆ ತಿನ್ನುತ್ತಿದ್ದ. ಅಪ್ಪ ಹೋದ ಮೇಲೆ ಅಂಗಡಿ ಮುಚ್ಚಿತು, ಮಗ ರಕ್ತ ಪರೀಕ್ಷೆ ಮಾಡುವ ಲ್ಯಾಬೊಂದರಲ್ಲಿ ಅಟೆಂಡರ್ ಆಗಿ ಸೇರಿಕೊಂಡ. ಅಪ್ಪನ ದಬ್ಬಣ, ಮೇಣ ಸವರಿದ ದಾರದ ಉಂಡೆ, ಆ ಚಾಳಿ, ಮೂರೂ ಜೊತೆಗೇ ಬಂದವು. ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಆ ದಪ್ಪ ಸೂಜಿಯನ್ನು ಸಿಕ್ಕಿಸಿಕೊಂಡೇ ಓಡಾಡುತ್ತಿದ್ದುದರಿಂದ ಲ್ಯಾಬಿನವರು ಅವನನ್ನು ದಬ್ಬಣಣ್ಣ ಎಂದು ಕರೆದರು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯಿತು.

ಅವನ ಕೆಲಸದಲ್ಲಿ ಕಷ್ಟದ್ದೇನೂ ಇರಲಿಲ್ಲ. ಪ್ರಿಂಟರ್ ಕೋಣೆಯಿಂದ ವರದಿಗಳನ್ನು ತಂದು ಕೌಂಟರಿಗೆ ಕೊಡಬೇಕು. ಹೆಸರು ತಪ್ಪಾಗಿದ್ದು, ಸಾಲು ಓರೆಯಾಗಿದ್ದು, ಎರಡೆರಡು ಸಲ ಬಂದದ್ದು, ಇವನ್ನೆಲ್ಲ ಕೆಂಪು ಬುಟ್ಟಿಗೆ ಹಾಕಬೇಕು. ಸಂಜೆ ಆ ಬುಟ್ಟಿಯಲ್ಲಿದ್ದುದನ್ನು ಚೂರುಚೂರು ಹರಿದು ಕಸಕ್ಕೆ ಕಳಿಸಬೇಕು. ಬುಟ್ಟಿಯ ಮೇಲೆ ‘ಹರಿದು ಹಾಕಿ’ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಯಾಕೆ ಹರಿಯಬೇಕೆಂದು ಯಾರೂ ಬರೆದಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ. ಒಂದು ಬದಿ ಹಾಲಿನಷ್ಟು ಬೆಳ್ಳಗಿರುವ ಹಾಳೆಯನ್ನು ಸುಮ್ಮಸುಮ್ಮನೆ ಹರಿಯೆಂದರೆ ದಬ್ಬಣಣ್ಣನಿಗೆ ಕೈ ಬರಬೇಕಲ್ಲ? ಬರಲಿಲ್ಲ.

ಒಂಬತ್ತು ವರ್ಷದ ಹಿಂದೆ, ಹೆಂಡತಿ ತೀರಿಕೊಂಡ ವರ್ಷ ಅವನು ಆ ಹಾಳೆಗಳನ್ನು ಮನೆಗೆ ಒಯ್ಯತೊಡಗಿದ. ಸಂಜೆಯ ಹೊತ್ತು ಕೈಗೆ ಏನಾದರೂ ಕೆಲಸ ಬೇಕಿತ್ತು. ಅಪ್ಪ ಕಲಿಸಿದ ಒಂದು ಹೊಲಿಗೆಯಿತ್ತು. ಪ್ರತಿ ಹಾಳೆಯನ್ನೂ ಅಚ್ಚಾದ ಬದಿ ಒಳಗಾಗುವಂತೆ ನಡುವಿಗೆ ಮಡಚಬೇಕು. ಮಡಚಿದ ಅಂಚು ಹೊರಗಡೆಗೆ, ಬಿಡಿ ಅಂಚುಗಳು ಪುಸ್ತಕದ ಬೆನ್ನಿನ ಕಡೆಗೆ. ಬೆನ್ನಿಗೆ ನಾಲ್ಕು ತೂತು, ಕೆಂಪು ದಾರ, ಔಷಧಿ ಪೆಟ್ಟಿಗೆಯ ರಟ್ಟಿನ ಹೊದಿಕೆ. ಹೀಗೆ ಕಟ್ಟಿದ ಪುಸ್ತಕವನ್ನು ಎಲ್ಲಿ ತೆರೆದರೂ ಎಡಕ್ಕೂ ಬಲಕ್ಕೂ ಬರಿಯ ಬಿಳಿ. ಅಚ್ಚಾದದ್ದೆಲ್ಲ ಮಡಿಕೆಯ ಒಳಗೆ, ಚೀಲದಲ್ಲಿಟ್ಟಂತೆ. ಅದೇನು ಅಚ್ಚಾಗಿದೆಯೆಂದು ಅವನು ಒಂದು ದಿನವೂ ಓದಿದವನಲ್ಲ. ಓದಲು ಬರುತ್ತಿರಲಿಲ್ಲವೆಂದಲ್ಲ. ರಟ್ಟು ಕಟ್ಟುವವನ ಮಗನಿಗೆ ಅಕ್ಷರವೆಂದರೆ ಕಾಗದಕ್ಕೆ ಅಂಟಿದ ಕೊಳೆ, ಅಷ್ಟೆ.

ಪುಸ್ತಕಗಳನ್ನು ಅವನು ಧಾರಾಳವಾಗಿ ಹಂಚಿದ. ಲ್ಯಾಬಿನ ಎದುರಿನ ಟೈಲರಮ್ಮನಿಗೆ ಅಳತೆ ಬರೆದುಕೊಳ್ಳಲು, ತನ್ನ ಬೀದಿಯ ಟ್ಯೂಷನ್ ಮೇಷ್ಟ್ರಿಗೆ ಮಕ್ಕಳ ಮಗ್ಗಿಗೆ, ಲ್ಯಾಬಿನ ಪ್ರತಿ ಮೇಜಿಗೂ ಒಂದೊಂದು. ಮ್ಯಾನೇಜರಂತೂ ಒಂದು ಮುಗಿಯುವ ಮೊದಲೇ ಇನ್ನೊಂದಕ್ಕೆ ಕೈ ನೀಡುತ್ತಿದ್ದ. ಎರಡು ವರ್ಷದ ಹಿಂದೆ ‘ಪೋಲು ತಡೆದ ಸಿಬ್ಬಂದಿ’ ಎಂದು ಎಲ್ಲರೆದುರು ಚಪ್ಪಾಳೆ ಹೊಡೆಸಿ ಒಂದು ಪ್ರಶಸ್ತಿ ಪತ್ರವನ್ನೂ ಕೊಟ್ಟ. ಅದೂ ಒಂದೇ ಬದಿ ಅಚ್ಚಾಗಿತ್ತು. ದಬ್ಬಣಣ್ಣ ಅದನ್ನೂ ಮಡಚಲು ಹೋಗಿದ್ದ. ಮಗಳು ಕೈಯಿಂದ ಕಿತ್ತುಕೊಂಡು ಗೋಡೆಗೆ ಹಾಕಿದಳು.

ಮಗಳ ಮಾತು ಬಂತಲ್ಲ, ಅವಳ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಒಬ್ಬಳೇ ಮಗಳು, ಕನ್ನಡಕದ ಅಂಗಡಿಯಲ್ಲಿ ಕೆಲಸ. ಮದುವೆಯಾಗಿ ಎರಡು ಬೀದಿ ಆಚೆಗಿನ ಮನೆ ಸೇರಿದ್ದಳು. ಅಳಿಯ ದೂರದೂರಿನ ಬಸ್ಸು ಓಡಿಸುವವನು, ವಾರದಲ್ಲಿ ಮೂರು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ಮನೆಯೆಂದರೆ ಅತ್ತೆ ಸೊಸೆ ಇಬ್ಬರೇ. ಆ ಅತ್ತೆ, ಅಂದರೆ ದಬ್ಬಣಣ್ಣನ ಬೀಗಿತ್ತಿ, ಆಡುವುದೇ ಕಮ್ಮಿ, ಆಡಿದರೆ ಚುಚ್ಚುವಂತೆ. ಎಂಟು ತಿಂಗಳ ಹಿಂದೆ, ತಾನು ಕಟ್ಟಿದ್ದರಲ್ಲೆಲ್ಲ ಚೆಂದದ ಹಸಿರು ರಟ್ಟಿನ ಪುಸ್ತಕವನ್ನು ಅವನು ಕೈಯಾರೆ ಒಯ್ದು ಕೊಟ್ಟಾಗ ಆಕೆ “ಅಲ್ಲಿಡಿ” ಎಂದಷ್ಟೇ ಹೇಳಿ ಒಳಗೆ ಹೋಗಿದ್ದಳು. ಅಲ್ಲಿಂದೀಚೆಗೆ ಮಗಳು ಬಂದಾಗಲೆಲ್ಲ ಅತ್ತೆಯದೇ ದೂರು.

“ಭಾರದ ಕೆಲಸ ಒಂದಕ್ಕೂ ಕೈ ಹಾಕೋಕೆ ಬಿಡಲ್ಲಪ್ಪ. ನಾನು ಬಕೆಟ್ ಎತ್ತಿದ್ರೆ ಸಾಕು, ಬಂದು ಕಿತ್ಕೊಳ್ತಾರೆ. ನಾನು ಮಾಡಿದ್ದು ಅವರಿಗೆ ಹಿಡಿಸಲ್ಲ. ಬೆಳಿಗ್ಗೆ ನನ್ನ ತಿಂಡಿ ಮುಗೀತು ಅನ್ನೋ ಹೊತ್ತಿಗೆ ಸರಿಯಾಗಿ ಎದ್ದು ಮಹಡಿಗೆ ಹೋಗ್ತಾರೆ. ಕಾಲು ಗಂಟೆ ಕೆಳಗೆ ಬರಲ್ಲ. ನನ್ನ ಮುಖ ಕಂಡ್ರೇ ಆಗಲ್ಲ ಅನ್ಸುತ್ತೆ.”

“ಹೊಂದ್ಕೊಂಡು ಹೋಗಮ್ಮ” ಎನ್ನುವುದು ಬಿಟ್ಟರೆ ದಬ್ಬಣಣ್ಣನಿಗೆ ಬೇರೆ ಮಾತು ತೋಚುತ್ತಿರಲಿಲ್ಲ. ಆದರೆ ಒಳಗೊಳಗೇ ಬೀಗಿತ್ತಿಯ ಮೇಲೆ ಅವನಿಗೆ ಸಿಟ್ಟು ಕುದಿಯುತ್ತಿತ್ತು.

ಹೀಗಿರುವಾಗ ಬೇರೆಲ್ಲೋ ಒಂದು ಲ್ಯಾಬಿನಿಂದ ರೋಗಿಗಳ ಮಾಹಿತಿ ಕಳುವಾಯಿತೆಂಬ ಸುದ್ದಿ ಬಂತು. ಇಲ್ಲಿನ ಮಾಲೀಕರಿಗೆ ಹೆದರಿಕೆ ಹತ್ತಿಕೊಂಡಿತು. ಸಿಬ್ಬಂದಿಗೆ ಮಾಹಿತಿ ಭದ್ರತೆಯ ಅರಿವು ಮೂಡಿಸಲು ಒಬ್ಬ ಹೆಣ್ಣುಮಗಳನ್ನು ಒಂದು ವಾರದ ಮಟ್ಟಿಗೆ ಕರೆಸಿದರು. ಎಲ್ಲರೂ ಆಕೆಯನ್ನು ಭದ್ರತೆ ಮೇಡಂ ಎಂದರು. ಬಂದು ಎರಡು ದಿನ ಆಕೆ ಏನೂ ಪಾಠ ಮಾಡಲಿಲ್ಲ. ಸುಮ್ಮನೆ ಒಳಗೂ ಹೊರಗೂ ಓಡಾಡಿದಳು, ಎದುರು ಅಂಗಡಿಗಳಲ್ಲಿ ಕೂತಳು, ಕಾಫಿ ಕುಡಿದಳು. ಸೋಮವಾರ ಮಧ್ಯಾಹ್ನ ಲ್ಯಾಬಿನ ಬಾಗಿಲು ಹಾಕಿಸಿ, ರೋಗಿಗಳು ಕಾಯುವ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿದಳು.

ದಬ್ಬಣಣ್ಣ ಕಟ್ಟಕಡೆಯ ಕುರ್ಚಿ ಹಿಡಿದ. ಪಾಸ್‌ವರ್ಡನ್ನು ಗೋಡೆಗೆ ಅಂಟಿಸಬೇಡಿ, ಫೋನಿನಲ್ಲಿ ಕೇಳಿದವರಿಗೆಲ್ಲ ವರದಿ ಓದಿ ಹೇಳಬೇಡಿ, ಗೊತ್ತಿಲ್ಲದ ಮೇಲ್ ತೆರೆಯಬೇಡಿ ಎಂದು ಮೇಡಂ ಒಂದೊಂದಾಗಿ ಹೇಳುತ್ತಿದ್ದರೆ ಮುಂದಿನ ಸಾಲಿನವರು ಒಬ್ಬರನ್ನೊಬ್ಬರು ತಿವಿದುಕೊಂಡು ನಗುತ್ತಿದ್ದರು. ಇವನಿಗೆ ಮಾತ್ರ ನಿಶ್ಚಿಂತೆ. ಕಂಪ್ಯೂಟರನ್ನು ಒರೆಸಿದ್ದು ಬಿಟ್ಟರೆ ಅವನು ಮುಟ್ಟಿದವನೇ ಅಲ್ಲ. ಅವನ ಕಣ್ಣೆಲ್ಲ ಮೇಡಂ ಹಂಚಿದ್ದ ಕಾಗದದ ಮೇಲಿತ್ತು. ಒಳ್ಳೆ ದಪ್ಪನೆಯ ಹಾಳೆ, ಒಂದೇ ಬದಿ ಅಚ್ಚು. ತಲಾ ಮೂರರಂತೆ ಮೂವತ್ತು ಜನಕ್ಕೆ ಎಷ್ಟಾಯಿತು, ಎರಡು ಪುಸ್ತಕಕ್ಕೆ ಸಾಕಾಗಿ ಮಿಗುತ್ತದೆ ಎಂದು ಮನಸ್ಸಿನಲ್ಲೇ ಮಡಚುತ್ತ ಕೂತಿದ್ದ.

“ಕೊನೇದಾಗಿ ಒಂದು ವಸ್ತು ತೋರಿಸ್ತೀನಿ” ಎಂದು ಮೇಡಂ ಬ್ಯಾಗಿನಿಂದ ಒಂದು ಪುಸ್ತಕ ತೆಗೆದಳು.

ನಾಲ್ಕು ತೂತು, ಕೆಂಪು ದಾರ. ತಾನು ಹಾಕಿದ ಗಂಟು ಅಷ್ಟು ದೂರದಿಂದಲೇ ಅವನಿಗೆ ಗುರುತು ಸಿಕ್ಕಿತು. ದಬ್ಬಣಣ್ಣನ ಮುಖ ಅರಳಿತು. ಕುರ್ಚಿ ಹಿಂದಕ್ಕೆ ಸರಿಯುವಂತೆ ಎದ್ದು ನಿಂತುಬಿಟ್ಟ.

“ಮೇಡಂ, ಅದು ನಂದು! ನಾನೇ ಹೊಲ್ದಿದ್ದು! ತೆಗ್ದು ನೋಡಿ, ಎರಡೂ ಬದಿ ಬಿಳಿ!”

ಮುಂದೆ ಕೂತವರು ಚಪ್ಪಾಳೆ ತಟ್ಟಿದರು. ಮ್ಯಾನೇಜರ್ ಹೆಮ್ಮೆಯಿಂದ ಮುಗುಳ್ನಕ್ಕ. ಮೇಡಂ ಮಾತ್ರ ನಗಲಿಲ್ಲ. ಅದನ್ನು ಮಾಡಿದವನು ಇದೇ ಕೋಣೆಯಲ್ಲಿದ್ದಾನೆ, ಅದೂ ಹೀಗೆ ಎದ್ದು ನಿಂತು ಹೇಳಿಕೊಳ್ಳುತ್ತಾನೆಂದು ಆಕೆ ಕನಸಿನಲ್ಲೂ ಎಣಿಸಿರಲಿಲ್ಲ.

“ಕೂತ್ಕೊಳ್ಳಿ ಅಣ್ಣ” ಎಂದಳು ಮೆಲ್ಲಗೆ. ಅವನು ಕೂರಲಿಲ್ಲ.

ಆಕೆ ಮೇಜಿನ ಮೇಲಿದ್ದ ಸ್ಕೇಲನ್ನು ತೆಗೆದುಕೊಂಡು ಒಂದು ಮಡಿಕೆಯ ಒಳಗೆ ತೂರಿಸಿ ಸರ್ರನೆ ಎಳೆದಳು. ಆ ಸದ್ದಿಗೆ ದಬ್ಬಣಣ್ಣ ಕಣ್ಣು ಮುಚ್ಚಿಕೊಂಡ. ತೆರೆದಾಗ ಹಾಳೆಯ ಹೊಟ್ಟೆ ಸೀಳಿ ಒಳಗಿನ ಅಚ್ಚು ಹೊರಗೆ ಬಂದಿತ್ತು. ಮೇಡಂ ಅದನ್ನು ಎದೆಗೆ ಒತ್ತಿ ಹಿಡಿದುಕೊಂಡಳು.

“ಇದನ್ನ ನಾನು ಓದಲ್ಲ. ಓದಿದ್ರೆ ನಾನೂ ಅದೇ ತಪ್ಪು ಮಾಡಿದ ಹಾಗೆ. ಏನೇನಿದೆ ಅಂತ ಮಾತ್ರ ಹೇಳ್ತೀನಿ. ಒಬ್ಬರ ಹೆಸರಿದೆ, ವಯಸ್ಸಿದೆ, ಮನೆ ವಿಳಾಸ, ಫೋನ್ ನಂಬರ್ ಇದೆ. ಅವರಿಗಿರೋ ಕಾಯಿಲೆ ಇದೆ. ಇದು ನಂಗೆ ಸಿಕ್ಕಿದ್ದು ಎದುರಿನ ಟೈಲರ್ ಅಂಗಡೀಲಿ. ಅಂಗಿಗೆ ಗುಂಡಿ ಹಾಕಿಸೋಕೆ ಹೋಗಿದ್ದೆ. ನಾಳೆ ಬನ್ನಿ ಅಂತ ಒಂದು ಚೀಟಿ ಹರ್ದು ಕೊಟ್ರು. ಚೀಟಿ ಬಿಚ್ಚಿ ನೋಡಿದ್ರೆ ಒಳಗೆ ಇನ್ಯಾರದ್ದೋ ರಕ್ತದ ವರದಿ. ಆ ಪುಸ್ತಕಾನೇ ಕೇಳಿ ಇಸ್ಕೊಂಡು ಬಂದೆ.”

ಮೇಡಂ ಮ್ಯಾನೇಜರ್ ಕಡೆ ತಿರುಗಿ, “ಸರ್, ನೀವು ನೋಟ್ಸ್ ಬರ್ಕೊಳ್ತಾ ಇರೋದೂ ಅದೇ ಪುಸ್ತಕ” ಎಂದಳು. ಮ್ಯಾನೇಜರ್ ಕೈ ಸುಟ್ಟವನಂತೆ ಅದನ್ನು ಕೆಳಗೆ ಬಿಟ್ಟ.

ಆಮೇಲಿನದನ್ನು ಹೇಳಲು ನನಗೇ ಸಿಟ್ಟು ಬರುತ್ತದೆ. ಒಂಬತ್ತು ವರ್ಷ ಕೈಯೊಡ್ಡಿ ಪುಸ್ತಕ ಇಸಿದುಕೊಂಡವರೆಲ್ಲ ಒಂದೇ ನಿಮಿಷದಲ್ಲಿ ಕೈ ತೊಳೆದುಕೊಂಡರು. ನಮಗೆ ಮೊದಲಿಂದಲೂ ಅನುಮಾನವಿತ್ತು ಎಂದ ಒಬ್ಬ. ನಾನು ಒಂದು ಸಲ ಹೇಳಿದ್ದೆ, ಅವನು ಕೇಳಲಿಲ್ಲ ಎಂದಳು ಇನ್ನೊಬ್ಬಳು. ಮ್ಯಾನೇಜರಂತೂ ಪ್ರಶಸ್ತಿ ಪತ್ರದ ಸಹಿ ತನ್ನದಲ್ಲವೆನ್ನುವ ಮುಖ ಮಾಡಿಕೊಂಡು ಎದ್ದು ಬಂದ.

“ಕೊಟ್ಟ ಪುಸ್ತಕ ಅಷ್ಟೂ ಗುರುವಾರ ಸಂಜೆ ಒಳಗೆ ನನ್ನ ಮೇಜಿನ ಮೇಲಿರ್ಬೇಕು. ಒಂದು ಹಾಳೆ ಕಮ್ಮಿಯಾದ್ರೂ ನಿನ್ನ ಕೆಲ್ಸ ಇರಲ್ಲ, ತಿಳೀತಾ?”

ದಬ್ಬಣಣ್ಣನಿಗೆ ಕೆಲಸದ ಚಿಂತೆ ಇನ್ನೂ ತಲೆಗೆ ಹೋಗಿರಲಿಲ್ಲ. ಸೀಳಿದ ಆ ಹಾಳೆಯೇ ಕಣ್ಣ ಮುಂದಿತ್ತು. “ಅಕ್ಷರ ಒಳಗಡೆ ಇತ್ತಲ್ಲ ಮೇಡಂ” ಎಂದ ಕಡೆಗೆ. “ಕಾಣ್ತಿರ್ಲಿಲ್ಲ ಅಲ್ವಾ?”

ಮೇಡಂ ಅವನ ಕಡೆ ತಿರುಗಿದಳು. ಆಕೆಯ ಕಣ್ಣಲ್ಲಿ ಕೋಪವಿದ್ದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅಲ್ಲಿದ್ದದ್ದು ಮರುಕ.

ಹಳೆಯ ಪುಸ್ತಕಗಳು ಯಾವ ಕಾಲಕ್ಕೋ ಹರಿದು ಹೋಗಿದ್ದವು. ಉಳಿದಿರಬಹುದಾದದ್ದು ನಲವತ್ತೊಂದು ಎಂದು ಅವನು ಯಾರಿಗೆ ಯಾವ ರಟ್ಟು ಎಂದು ನೆನೆದು ನೆನೆದು ಲೆಕ್ಕ ಹಾಕಿದ. ಲ್ಯಾಬಿನಲ್ಲಿದ್ದ ಹದಿನೆಂಟು ಅಂದೇ ಬಂದವು. ಮರುದಿನ ಬೆಳಿಗ್ಗೆ ಒಂದು ದೊಡ್ಡ ಕೈಚೀಲ ಹಿಡಿದು ಮೊದಲು ಟೈಲರಮ್ಮನ ಅಂಗಡಿಯ ಮೆಟ್ಟಿಲು ಹತ್ತಿದ.

ಮೇಡಂ ಒಯ್ದದ್ದು ಬಿಟ್ಟು ಆಕೆಯ ಬಳಿ ಇನ್ನೂ ಮೂರು ಇದ್ದವು. ಪ್ರತಿ ಮಡಿಕೆಯೊಳಗೂ ಒಂದೊಂದು ಬಟ್ಟೆ ಚೂರು.

“ಅಯ್ಯೋ, ವಾಪಸ್ ಕೇಳ್ತೀಯಲ್ಲಣ್ಣ! ಯಾರ ಬಟ್ಟೆ ಯಾವ್ದು ಅಂತ ಚೂರು ಇಟ್ಕೊಳ್ಳೋಕೆ ಈ ಚೀಲದಂಥ ಹಾಳೆ ಬೇರೆಲ್ಲಿ ಸಿಗುತ್ತೆ ನಂಗೆ?”

“ಒಳಗೆ ಇರೋದನ್ನ ನೋಡಿದ್ದೀಯಾಮ್ಮ?”

“ಚೂರು ಇಡೋವಾಗ ಕಣ್ಣಿಗೆ ಬೀಳಲ್ವಾ? ಮೂಲೆ ಮನೆಯವಳಿಗೆ ಸಕ್ಕರೆ ಇದೆ ಅಂತ ಅವಳ ಗಂಡನಿಗಿಂತ ಮುಂಚೆ ನಂಗೆ ಗೊತ್ತು. ಅಳತೆ ಕೊಡೋಕೆ ಬಂದಾಗ ಸಿಹಿ ಬಿಡಮ್ಮ ಅಂದೆ. ನಂಗೇನೋ ದಿವ್ಯದೃಷ್ಟಿ ಇದೆ ಅಂದ್ಕೊಂಡು ಹಣ್ಣು ತಂದ್ಕೊಟ್ಲು, ಪಾಪ.” ಟೈಲರಮ್ಮ ಹಲ್ಲಲ್ಲಿ ದಾರ ಕಡಿದಳು. “ಆ ಬ್ಯಾಂಕಿನ ಹುಡುಗಿದೂ ಇತ್ತು. ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲಪ್ಪ. ಅವಳನ್ನ ಮದ್ವೆ ಆಗ್ಬೇಕಿದ್ದ ಹುಡುಗನ ಚಿಕ್ಕಮ್ಮ ಬಟ್ಟೆ ಹೊಲಿಸೋಕೆ ಬಂದಿದ್ಲು, ಅವಳೊಬ್ಬಳಿಗೆ ಹೇಳ್ದೆ. ನಾಳೆ ಗೊತ್ತಾದ್ರೆ ನಮ್ಮನ್ನೇ ಅಂತಾರೆ ಅಂತ.”

ಆ ಹುಡುಗಿಯ ಮದುವೆ ನಿಶ್ಚಯವಾಗಿ ಮುರಿದುಬಿದ್ದದ್ದು ಇಡೀ ಬೀದಿಗೆ ಗೊತ್ತಿತ್ತು. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಅವಳ ಅಪ್ಪನ ಪಕ್ಕ ಕೂತು, ಬೆನ್ನು ಸವರಿ, “ಯಾರೋ ಹೊಟ್ಟೆಕಿಚ್ಚಿನವರ ಕೆಲ್ಸ ಬಿಡಿ, ಅವರು ಉದ್ಧಾರ ಆಗಲ್ಲ” ಎಂದು ಶಪಿಸಿ ಬಂದವನು ದಬ್ಬಣಣ್ಣನೇ. ಬಟ್ಟೆ ಚೂರುಗಳನ್ನು ತೆಗೆದುಕೊಂಡು ಪುಸ್ತಕ ಕೊಡುವಷ್ಟರಲ್ಲಿ ಟೈಲರಮ್ಮ ಇನ್ನೂ ಏನೇನೋ ಹೇಳಲು ಬಾಯಿ ತೆರೆದಳು.

“ಹೇಳ್ಬೇಡಮ್ಮ! ದಮ್ಮಯ್ಯ, ಹೇಳ್ಬೇಡ!” ಎಂದು ಅವನು ಎರಡೂ ಕಿವಿ ಮುಚ್ಚಿಕೊಂಡ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು.

ಟ್ಯೂಷನ್ ಮೇಷ್ಟ್ರ ಮನೆಯಲ್ಲಿ ಇನ್ನೊಂದು ಕಾದಿತ್ತು. ಮಕ್ಕಳು ಮಡಿಕೆಗಳನ್ನು ಸ್ಕೇಲಿನಿಂದ ಸೀಳಿ ವರ್ಷವೇ ಆಗಿತ್ತಂತೆ. ಅಂಗಳದಲ್ಲಿ ಆಟ ನಡೆದಿತ್ತು. ಒಬ್ಬಳು ಕೊರಳಿಗೆ ಹಗ್ಗ ಹಾಕಿಕೊಂಡು ಡಾಕ್ಟರಾಗಿದ್ದಳು. ಕೈಯಲ್ಲಿ ಹಾಳೆ ಹಿಡಿದು, ಇದೇ ಬೀದಿಯ ಒಬ್ಬ ಮುದುಕರ ಹೆಸರನ್ನು ಜೋರಾಗಿ ಕೂಗಿ, ಅವರಿಗೆ ಎಷ್ಟು ದಿನದಿಂದ ಏನಾಗಿದೆಯೆಂದು ಓದಿ ಹೇಳುತ್ತಿದ್ದಳು. ಉಳಿದವರು ಕಿಲಕಿಲ ನಗುತ್ತಿದ್ದರು. ದಬ್ಬಣಣ್ಣ ಓಡಿಹೋಗಿ ಹಾಳೆ ಕಿತ್ತುಕೊಂಡ. ಮಕ್ಕಳ ಮೇಲೆ ಕೈ ಮಾಡಿದವನಲ್ಲ, ಆವತ್ತು ಮಾಡಿಯೇಬಿಡುತ್ತಿದ್ದ. ಮೇಷ್ಟ್ರು ಕನ್ನಡಕ ತೆಗೆದು, “ನಾನು ಮಗ್ಗಿ ಕಡೆ ನೋಡ್ತಿದ್ದೆ ಕಣಯ್ಯ, ಹಿಂಭಾಗ ನೋಡ್ಲೇ ಇಲ್ಲ” ಎಂದರು. ಅವರನ್ನು ಬೈಯಲು ಅವನಿಗೆ ಯಾವ ಮುಖವಿತ್ತು? ಅವನೂ ನೋಡಿರಲಿಲ್ಲ.

ಬುಧವಾರ ಮಧ್ಯಾಹ್ನದ ಹೊತ್ತಿಗೆ ನಲವತ್ತು ಕೂಡಿದವು. ಉಳಿದದ್ದು ಹಸಿರು ರಟ್ಟಿನದು, ಬೀಗಿತ್ತಿಯದು.

ಮಗಳು ಅಂಗಡಿಗೆ ಹೋಗಿದ್ದ ವೇಳೆ ನೋಡಿಕೊಂಡೇ ಅವನು ಹೋದ. ಬೀಗಿತ್ತಿ ಬಾಗಿಲಲ್ಲೇ ಎಲ್ಲ ಕೇಳಿಸಿಕೊಂಡಳು. ಒಂದು ಮಾತೂ ಆಡದೆ ಒಳಗೆ ಹೋಗಿ, ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈ ತೆಗೆದು, ಕಪಾಟಿನಿಂದ ಪುಸ್ತಕ ತಂದು ಅವನ ಕೈಗಿಟ್ಟಳು. ಒಳಗೆ ಒಂದು ಅಕ್ಷರವನ್ನೂ ಬರೆದಿರಲಿಲ್ಲ. ದಬ್ಬಣಣ್ಣ ಅಭ್ಯಾಸದಂತೆ ಹೆಬ್ಬೆರಳಿನಿಂದ ಹಾಳೆ ಬಿಟ್ಟುಕೊಂಡು ಹೋದ. ಅವನ ಪುಸ್ತಕಕ್ಕೆ ನಲವತ್ತು ಹಾಳೆ, ಹೆಚ್ಚಿಲ್ಲ ಕಮ್ಮಿಯಿಲ್ಲ. ಇದರಲ್ಲಿ ಮೂವತ್ತೊಂಬತ್ತೇ ಇದ್ದವು. ನಡುವೆ ಒಂದು ಕಡೆ ಬೆನ್ನಿನ ಗುಂಟ ಬ್ಲೇಡಿನಿಂದ ನೀಟಾಗಿ ಕೊಯ್ದ ಗುರುತಿತ್ತು.

“ಒಂದು ಹಾಳೆ ಇಲ್ಲ ಬೀಗ್ರೇ.”

“ಇಲ್ಲ. ಸುಟ್ಹಾಕ್ದೆ.”

“ಯಾಕೆ?”

“ನೀವು ಹೊಲಿಯೋ ಮುಂಚೆ ಓದಲ್ವಾ?”

“ಇಲ್ಲ. ಒಂದಿನಾನೂ ಓದಿಲ್ಲ.”

ಬೀಗಿತ್ತಿ ಗೋಡೆ ಹಿಡಿದು ಕುಕ್ಕರಿಸಿದಳು. ಆ ಬಿಗಿ ಮುಖ ಅಷ್ಟು ಬಿಳಿಚಿದ್ದನ್ನು ಅವನು ಎಂದೂ ಕಂಡಿರಲಿಲ್ಲ.

“ಅಯ್ಯೋ, ನಾನು ಏನಂದ್ಕೊಂಡಿದ್ದೆ ಗೊತ್ತಾ? ಮಗಳ ವಿಷಯ ನಂಗೆ ಬಾಯಿಬಿಟ್ಟು ಹೇಳೋಕಾಗ್ದೆ, ಅವಳ ವರದೀನ ಪುಸ್ತಕದಲ್ಲಿ ಹೊಲ್ದು ತಂದ್ಕೊಟ್ರಿ ಅಂತ. ಬಾಯಲ್ಲಿ ಆಡೋದಕ್ಕಿಂತ ಇದೇ ಮೇಲು, ದೊಡ್ಡ ಮನುಷ್ಯರು ಅಂತ ನಾನೂ ಸುಮ್ನಾದೆ. ಎಂಟು ತಿಂಗಳಿಂದ ಹಾಗೇ ಅಂದ್ಕೊಂಡಿದ್ದೀನಿ!”

ದಬ್ಬಣಣ್ಣನಿಗೆ ಮಾತು ಕೇಳಿಸಿತು, ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದಾಗ ಕೈಯಿಂದ ಪುಸ್ತಕ ಜಾರಿ ಬಿತ್ತು. ಈ ಭಾಗಕ್ಕೆಲ್ಲ ಇರುವುದು ಅದೊಂದೇ ಲ್ಯಾಬು. ಬೀದಿಯವರೆಲ್ಲ ಬರುವುದು ಅಲ್ಲಿಗೇ. ಮಗಳು ಅಪ್ಪನ ವಾರದ ರಜೆಯ ದಿನ ನೋಡಿಕೊಂಡು, ಅವನ ಕಣ್ಣಿಗೆ ಬೀಳದ ಹಾಗೆ ಹೋಗಿ ಬಂದಿದ್ದಳು. ಅವಳು ಅಷ್ಟು ಜತನದಿಂದ ಬಚ್ಚಿಟ್ಟದ್ದನ್ನು ಅವನೇ ಮಡಚಿ, ಅವನೇ ತೂತು ಹಾಕಿ, ಅವನೇ ದಾರ ಎಳೆದು, ಅವಳು ಯಾರಿಗೆ ಹೆದರುತ್ತಿದ್ದಳೋ ಆಕೆಯ ಕೈಗೇ ಒಯ್ದು ಕೊಟ್ಟಿದ್ದ.

“ನನ್ನ ಮಗಳಾ?” ಎಂದ. “ಏನಾಗಿದೆ ಅವಳಿಗೆ? ಬೀಗ್ರೇ, ಏನಾಗಿದೆ ನನ್ನ ಮಗಳಿಗೆ?”

“ಅದು ನನ್ನ ಬಾಯಿಂದ ಬರಲ್ಲ.”

“ಕಾಲಿಗೆ ಬೀಳ್ತೀನಿ.”

“ಬಿದ್ರೂ ಬರಲ್ಲ. ಓದಿದ್ದು ಒಂದು ತಪ್ಪು, ಆಡೋದು ಇನ್ನೊಂದು. ಅವಳಾಗಿ ಹೇಳಿದಾಗ ಕೇಳಿ.” ಅಷ್ಟು ಹೇಳಿ, ಅವನ ಮುಖ ನೋಡಲಾರದೆ ಆಕೆ ಸ್ವಲ್ಪ ಕರಗಿದಳು. “ಗಾಬರಿ ಬೀಳ್ಬೇಡಿ. ಜೀವಕ್ಕೇನಿಲ್ಲ. ಭಾರ ಎತ್ತಬಾರ್ದು, ದಿನಾ ಮಾತ್ರೆ ತಪ್ಪಿಸಬಾರ್ದು. ತಪ್ಪಿಸಲ್ಲ. ತಿಂಡಿ ಆದ್ಮೇಲೆ ನಾನು ಮಹಡಿಗೆ ಹೋಗ್ತೀನಲ್ಲ, ಆಗ ತಗೊಳ್ತಾಳೆ.”

ಮಗಳ ದೂರುಗಳೆಲ್ಲ ಒಂದೊಂದಾಗಿ ಅವನ ತಲೆಯಲ್ಲಿ ಎದ್ದು ನಿಂತವು. ಕಿತ್ತುಕೊಂಡ ಬಕೆಟ್ಟು, ಕಾಲು ಗಂಟೆಯ ಮಹಡಿ. ಈ ಹೆಂಗಸಿನ ಮೇಲೆ ತಾನು ಕಟ್ಟಿಕೊಂಡಿದ್ದ ಸಿಟ್ಟು ನೆನೆದು ದಬ್ಬಣಣ್ಣನಿಗೆ ನಾಚಿಕೆಯಾಯಿತು. ಅವನು ಬಗ್ಗಿ ಪುಸ್ತಕ ಎತ್ತಿಕೊಂಡು ಹೊರಟುಬಂದ.

ಗುರುವಾರ ಸಂಜೆ ಮ್ಯಾನೇಜರ್ ಮೇಜಿನ ಮೇಲೆ ನಲವತ್ತೊಂದು ಪುಸ್ತಕ ಪೇರಿಸಿದ. ಪಕ್ಕದಲ್ಲಿ ಮೇಡಂ ಇದ್ದಳು. ಬ್ಯಾಂಕಿನ ಹುಡುಗಿಯ ವಿಷಯ, ಮಕ್ಕಳ ಆಟ, ಯಾವುದನ್ನೂ ಮುಚ್ಚಿಡದೆ ಹೇಳಿದ. ಕೊನೆಗೆ, “ಟೈಲರಮ್ಮ ಚೀಟಿಗೆ ಹರ್ದದ್ದು ಬಿಟ್ಟು ಇನ್ನೊಂದು ಹಾಳೆ ಕಮ್ಮಿ ಇದೆ” ಎಂದ.

“ಯಾರ ಹಾಳೆ ಅದು?” ಮ್ಯಾನೇಜರ್ ಪೆನ್ನು ತೆಗೆದ.

“ಅದನ್ನ ಇಲ್ಲಿ ಹೇಳಲ್ಲ ಸಾರ್.”

“ಏನಂದೆ? ಇಷ್ಟೆಲ್ಲ ಮಾಡಿ ಈಗ ನಂಗೇ ಹೇಳಲ್ಲ ಅಂತೀಯಾ? ಕೆಲ್ಸ ಬೇಡ್ವಾ ನಿಂಗೆ?”

“ಬೇಕು ಸಾರ್. ಆದ್ರೂ ಹೇಳಲ್ಲ.”

ಮ್ಯಾನೇಜರ್ ದಂಗಾದ. ಅವನ ಎದುರು ದಬ್ಬಣಣ್ಣ ಇಷ್ಟು ವರ್ಷದಲ್ಲಿ ಒಂದು ಸಲವೂ ಇಲ್ಲ ಎಂದಿರಲಿಲ್ಲ. ಮೇಡಂ ಮಾತ್ರ ತುಸು ಮುಂದಕ್ಕೆ ಬಾಗಿ, “ಅಣ್ಣ, ಆ ವರದಿ ಯಾರದ್ದೋ ಅವರಿಗೆ ತಿಳಿಸ್ಲೇಬೇಕು. ಅವರ ಗುಟ್ಟು ಹೊರಗೆ ಹೋಗಿದೆ ಅಂತ ಅವರಿಗೆ ಗೊತ್ತಾಗ್ಬೇಕು. ಎಲ್ಲರಿಗೂ ತಿಳಿಸ್ತಿದ್ದೀವಿ” ಎಂದಳು.

“ಅವರಿಗೆ ನಾನೇ ತಿಳಿಸ್ತೀನಿ. ನಾಳೆ.”

ಮೇಡಂ ಅವನ ಮುಖವನ್ನೇ ನೋಡಿದಳು. ಏನು ಓದಿಕೊಂಡಳೋ, ಮತ್ತೆ ಕೇಳಲಿಲ್ಲ. ಕೆಲಸದ ಮಾತು ಬಂದಾಗ, ಮೇಜುಗಳ ಮೇಲಿಂದ ಬಂದ ಹದಿನೆಂಟು ಪುಸ್ತಕಗಳಲ್ಲಿ ಐದು ಮ್ಯಾನೇಜರರದ್ದೇ ಎಂದು ಆಕೆ ಮೆತ್ತಗೆ ನೆನಪಿಸಿದಳು. ಮ್ಯಾನೇಜರ್ ಕೆಮ್ಮಿದ. ಕೆಲಸ ಉಳಿಯಿತು. ಕಾಗದವನ್ನು ಎಳೆಎಳೆಯಾಗಿ ಕತ್ತರಿಸುವ ಒಂದು ಯಂತ್ರ ತರಿಸುವುದೆಂದೂ ಅದರ ಪಕ್ಕ ದಬ್ಬಣಣ್ಣನೇ ನಿಲ್ಲಬೇಕೆಂದೂ ತೀರ್ಮಾನವಾಯಿತು. ಇನ್ನು ಮುಂದೆ ದಿನವಿಡೀ ಆ ಸದ್ದು. ಅವನು ತಲೆಯಾಡಿಸಿ ಒಪ್ಪಿಕೊಂಡ.

ಶುಕ್ರವಾರ ಮಗಳಿಗೆ ರಜೆ. ಮಧ್ಯಾಹ್ನ ಬಂದವಳು ಬ್ಯಾಗು ಕೆಳಗಿಡುವ ಮೊದಲೇ, “ಏನಪ್ಪ, ಹುಷಾರಿಲ್ವಾ? ಮುಖ ಯಾಕೆ ಹಾಗಿದೆ?” ಎಂದಳು. ಸುತ್ತಿ ಬಳಸಿ ಹೇಳಬೇಕೆಂದು ರಾತ್ರಿಯಿಡೀ ಕೂಡಿಸಿಟ್ಟುಕೊಂಡ ಮಾತೆಲ್ಲ ಅವನಿಗೆ ಮರೆತುಹೋಯಿತು. ನಿಂತ ಕಾಲಲ್ಲೇ ಹೇಳಿಬಿಟ್ಟ. ಹಸಿರು ಪುಸ್ತಕ, ಕೊಯ್ದ ಹಾಳೆ, ಸುಟ್ಟದ್ದು, ಅತ್ತೆ ಅಂದುಕೊಂಡದ್ದು.

ಬ್ಯಾಗಿನ ಪಟ್ಟಿ ಮಗಳ ಮುಷ್ಟಿಯಲ್ಲಿ ಬಿಗಿಯುತ್ತ ಹೋಯಿತು.

“ಅತ್ತೆಗೆ ಗೊತ್ತಾ?” ಎಂದಳು ಕಡೆಗೆ. “ಮೊದ್ಲಿಂದ್ಲೂ?”

“ಎಂಟು ತಿಂಗಳಿಂದ.”

“ನಮ್ಮ ಯಜಮಾನ್ರಿಗೆ ಬಿಟ್ಟು ಇನ್ಯಾರಿಗೂ ಹೇಳಿರ್ಲಿಲ್ಲ ನಾನು. ಮಾತ್ರೆ ಡಬ್ಬಿ ಅಕ್ಕಿ ಡಬ್ಬದಲ್ಲಿ ಬಚ್ಚಿಡ್ತಿದ್ದೆ ಕಣಪ್ಪ. ಮಹಡಿ ಮೆಟ್ಟಿಲ ಸದ್ದು ಆಯ್ತಾ ಅಂತ ಕಿವಿಗೊಟ್ಟು ನುಂಗ್ತಿದ್ದೆ. ಅವರು ನಂಗೋಸ್ಕರ ಹೋಗಿ ಬಿಸಿಲಲ್ಲಿ ನಿಂತಿರ್ತಿದ್ರಾ?” ಅವಳ ಕಣ್ಣು ತುಂಬಿತು. ಆಮೇಲೆ ಆ ಕಣ್ಣು ಅಪ್ಪನ ಕಡೆ ತಿರುಗಿ ಉರಿಯಿತು. “ಒಳ್ಳೆಯವರ ಕೈಗೆ ಸಿಕ್ತು, ಸರಿ. ಬೇರೆ ಯಾರಿಗಾದ್ರೂ ಕೊಟ್ಟಿದ್ರೆ? ಆ ಟೈಲರಮ್ಮನಿಗೆ ಕೊಟ್ಟಿದ್ರೆ? ಒಂದೇ ಒಂದ್ಸಲ ಒಳಗೇನಿದೆ ಅಂತ ನೋಡಬಾರ್ದಿತ್ತಾ?”

ದಬ್ಬಣಣ್ಣ ಜೇಬಿನಿಂದ ಅಪ್ಪನ ದಬ್ಬಣವನ್ನು ತೆಗೆದು ಮೇಜಿನ ಮೇಲಿಟ್ಟು, ತಲೆ ತಗ್ಗಿಸಿ ನಿಂತ. ಗೋಡೆಯ ಮೇಲೆ ಪ್ರಶಸ್ತಿ ಪತ್ರ ಅವನನ್ನೇ ನೋಡುತ್ತಿತ್ತು.

ಮಗಳು ಮೂಗು ಒರೆಸಿಕೊಂಡಳು.

“ಈಗ್ಲೂ ನಿಂಗೆ ಅದರಲ್ಲೇನಿತ್ತು ಅಂತ ಗೊತ್ತಿಲ್ವಾ?”

“ಇಲ್ಲಮ್ಮ. ನಿಮ್ಮತ್ತೆ ಹೇಳಲಿಲ್ಲ. ಲ್ಯಾಬಲ್ಲಿ ಹುಡುಕಿದ್ರೆ ಸಿಗ್ತಿತ್ತು. ಹುಡುಕಲಿಲ್ಲ.”

ಅವಳು ಅಪ್ಪನನ್ನು ದಿಟ್ಟಿಸಿ ನೋಡಿದಳು. ಬ್ಯಾಗು ಕೆಳಗಿಟ್ಟು, ಕುರ್ಚಿ ಎಳೆದು ಕೂತಳು. ಎದುರಿನ ಕುರ್ಚಿಯನ್ನು ಕಾಲಿನಿಂದ ಅವನ ಕಡೆಗೆ ನೂಕಿದಳು.

ಆಮೇಲೆ ಅವಳು ಹೇಳಿದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವಳದು. ಹೇಳಲು ಶುರು ಮಾಡುವ ಮೊದಲು ಅವಳು ಆಡಿದ ಒಂದು ಮಾತನ್ನಷ್ಟೇ ಬರೆಯಬಹುದು.

“ಮೊದ್ಲು ಬಾಗಿಲು ಹಾಕಿ ಬಾರಪ್ಪ” ಎಂದಳು.

ದಬ್ಬಣಣ್ಣ ಹೋಗಿ ಬಾಗಿಲು ಹಾಕಿದ. ಚಿಲಕ ಸರಿಯಾಗಿ ಬಿತ್ತೇ ಎಂದು ಎರಡು ಸಲ ಎಳೆದು ನೋಡಿದ. ಆಮೇಲೆ ಬಂದು ಮಗಳ ಎದುರು ಕೂತ.